ಫ್ಲಾರೆನ್ಸ್ ನೈಟಿಂಗೇಲ್
1820ರಲ್ಲಿ ಸಿರಿವಂತ ಆಂಗ್ಲ ಮನೆತನವೊಂದರಲ್ಲಿ ಜನಿಸಿದ ಫ್ಲಾರೆನ್ಸ್ ನೈಟಿಂಗೇಲರು ದಾದಿಯಾಗುವುದು ಹೆತ್ತವರಿಗೆ ಸಮ್ಮತವಿರಲಿಲ್ಲ. ಆದರೂ 1854ರ ನವೆಂಬರಿನಲ್ಲಿ ಅವರು 38 ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು. ಕ್ರಿಮಿಯಾ ಯುದ್ಧದಿಂದ ಬಂದ ಸೈನಿಕರು ಅಲ್ಲಿ ಕೊಳೆಯಲ್ಲಿ ನರಳುತ್ತಿದ್ದರು. ಅವರ ಮೈ ತೊಳೆದು, ಒಗೆದ ಬಟ್ಟೆ ತೊಡಿಸಿ, ಹಿತವಾದ ಆಹಾರವನ್ನು ಹೊತ್ತಿಗೆ ಸರಿಯಾಗಿ ಉಣಿಸುವ ಏರ್ಪಾಟಾಯಿತು. ಅಶಕ್ತರ ಪರವಾಗಿ ಮನೆಗಳಿಗೆ ಕಾಗದಗಳೂ ಹೋದವು. ಆದರೆ ಆ ಚಳಿಗಾಲದಲ್ಲಿ ಸಾವು ತಗ್ಗಲಿಲ್ಲ. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗವು ಬಂದು ಚರಂಡಿಗಳನ್ನು ಶುಚಿಗೊಳಿಸಿದ ಮೇಲೆ ಅದು ಬಹುವಾಗಿ ಇಳಿಯಿತು. ಗಾಯಗಳಿಗಿಂತ ಆಸ್ಪತ್ರೆಯ ಹೊಲಸೇ ಹೆಚ್ಚು ಜನರನ್ನು ಕೊಂದಿತೆಂಬ ಕಹಿಸತ್ಯವನ್ನು ಯುದ್ಧಾನಂತರ ಅಂಕಿಅಂಶಗಳಿಂದ ಅರಿತ ಅವರು ಅದನ್ನು ಮುಚ್ಚಿಡಲೊಪ್ಪಲಿಲ್ಲ. ಮುಂದೆ ಅವರು ಬರೆದ ಶುಶ್ರೂಷೆಯ ಕೈಪಿಡಿಯು ಶುದ್ಧವಾದ ಗಾಳಿಯಿಂದ ತೊಡಗಿ, ರೋಗಿಯು ಮುಟ್ಟದ ಊಟವನ್ನು ಅವನ ಬಳಿ ಬಿಡಬಾರದೆಂಬುದರವರೆಗೆ ತಿಳಿಸುತ್ತದೆ.