ರಹೀಂ ಮೇಷ್ಟ್ರು

ನಮ್ಮ ಬೇಗೂರಿನ ಕಡೆ ಸಂಜೆಯ ಹೊತ್ತು ಹುಡುಗರು ಸೇರಿದರೆ ಕಬಡ್ಡಿ, ಇಲ್ಲವೆ ಕ್ರಿಕೆಟ್ಟು. ಕಾಲ್ಚೆಂಡಾಟವನ್ನು ಕಂಡವರು ಕಡಮೆ. ಹೀಗಿರುವಾಗ ಹೈದರಾಬಾದಿನ ಒಬ್ಬ ಕಾಲ್ಚೆಂಡಿನ ಗುರುವಿನ ಜೀವನವನ್ನು ಈ ಹುಡುಗ ಬರೆಯಹೊರಟಿರುವುದೇಕೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿಸಿದವರು ಹಳ್ಳಿಯ ಶಾಲೆಯ ಒಬ್ಬ ಮೇಷ್ಟ್ರು. ಅಂದಿನಿಂದ ಮೇಷ್ಟ್ರುಗಳ ಕಥೆ ಎಲ್ಲಿ ಸಿಕ್ಕಿದರೂ ಬಿಡದೆ ಓದುತ್ತೇನೆ. ಸಯ್ಯದ್ ಅಬ್ದುಲ್ ರಹೀಮರು ಮೊದಲಿಗೆ ಶಾಲಾ ಮೇಷ್ಟ್ರು, ಆಮೇಲೆ ಉಳಿದದ್ದೆಲ್ಲ.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಅಂದು ಅದು ನಿಜಾಮರ ಸಂಸ್ಥಾನ. ನಮ್ಮ ಬೀದರ, ಕಲಬುರಗಿ, ರಾಯಚೂರುಗಳೂ ಅದರೊಳಗೇ ಇದ್ದುವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ತಂಡಕ್ಕೆ ಆಡಿದರು. ಅನಂತರ ಕಾಚಿಗುಡ ಮುಂತಾದ ಕಡೆಯ ಶಾಲೆಗಳಲ್ಲಿ ಉಪಾಧ್ಯಾಯರಾಗಿ, ದೈಹಿಕ ಶಿಕ್ಷಣದಲ್ಲಿಯೂ ತರಬೇತು ಪಡೆದು, ಮಕ್ಕಳಿಗೆ ಪಾಠವನ್ನೂ ಆಟವನ್ನೂ ಕಲಿಸಿದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯಾದವರು ಕೊನೆಯ ಉಸಿರಿನ ತನಕ ಆ ಹೊಣೆಯನ್ನು ಬಿಡಲಿಲ್ಲ.

ಅವರು ಆಟ ಕಲಿಸುತ್ತಿದ್ದ ಬಗೆ ಸ್ವಾರಸ್ಯವಾಗಿದೆ. ನಮ್ಮ ಆಟಗಾರರಿಗೆ ಚೆಂಡು ಸಿಕ್ಕಿದರೆ ಅದನ್ನು ಕಾಲಿನಿಂದ ಬಿಡದೆ, ನಾಲ್ಕು ಜನರನ್ನು ತಪ್ಪಿಸಿಕೊಂಡು ಹೋಗಿ ಚಪ್ಪಾಳೆ ಗಿಟ್ಟಿಸುವ ಆಸೆ. ರಹೀಮರು ಹಾಗೆ ಚೆಂಡನ್ನು ಹಿಡಿದುಕೊಂಡು ಓಡುವುದನ್ನೇ ನಿಷೇಧಿಸಿ ಪಂದ್ಯಾವಳಿಗಳನ್ನು ನಡೆಸಿದರು. ಬಂದ ಚೆಂಡನ್ನು ಜೊತೆಗಾರನಿಗೆ ಕೊಡಲೇಬೇಕು. ಬಲಗಾಲಿನವರು ಎಡಗಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನೂ ಏರ್ಪಡಿಸಿದರು. ನೋಡುವವರಿಗೆ ಹುಡುಗಾಟದಂತೆ ಕಂಡಿರಬೇಕು. ಆದರೆ ಇಂತಹ ಪಾಠದಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಒಂದು ವರ್ಷವೂ ತಪ್ಪದೆ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು.

1951ರಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತ ತಂಡವನ್ನು ಸಿದ್ಧಗೊಳಿಸುವ ಕೆಲಸ ರಹೀಮರ ಪಾಲಿಗೆ ಬಂದಿತು. ಆ ತಂಡದಲ್ಲಿ ನಮ್ಮವರೂ ಇದ್ದರೆಂಬುದು ಹೆಮ್ಮೆಯ ಮಾತು: ಗೋಲ್ ರಕ್ಷಕ ವರದರಾಜ್ ಮೈಸೂರು ಸೀಮೆಯವರು, ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದ ಅಹ್ಮದ್ ಖಾನ್ ಬೆಂಗಳೂರಿನವರು. ಇಂಡೋನೇಷ್ಯ, ಆಫ್ಘಾನಿಸ್ತಾನಗಳನ್ನು ಸೋಲಿಸಿ, ಕೊನೆಯ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಭಾರತ ಚಿನ್ನದ ಪದಕ ಪಡೆಯಿತು.

ಆದರೆ ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಆದದ್ದು ದೊಡ್ಡ ಅವಮಾನ. ಚಳಿನಾಡಿನಲ್ಲಿ, ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿ, ಯುಗೋಸ್ಲಾವಿಯಕ್ಕೆ 1-10ರಿಂದ ಸೋತರು. ಆ ಒಂದು ಗೋಲು ಅಹ್ಮದ್ ಖಾನರದು. ಇನ್ನೊಬ್ಬರಾಗಿದ್ದರೆ ಹವೆಯನ್ನು ಹಳಿದು ಸುಮ್ಮನಾಗುತ್ತಿದ್ದರೇನೋ. ರಹೀಮರು ಹಾಗೆ ಮಾಡಲಿಲ್ಲ. ಸೋಲಿನ ಅನಂತರ ಬೂಟು ಕಡ್ಡಾಯವಾಯಿತು. ಇಬ್ಬರ ಬದಲು ಮೂವರು ಹಿಂದೆ ನಿಂತು ಕಾಯುವ ಪದ್ಧತಿ ಬಂದಿತು. ನಾಲ್ಕು ವರ್ಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಇದೇ ಭಾರತ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು.

ತುಳಸಿದಾಸ್ ಬಲರಾಮ್ ಎಂಬ ಹುಡುಗ ಸಿಕಂದರಾಬಾದಿನ ಹತ್ತಿರದ ಅಮ್ಮುಗುಡದ ಬಡವರ ಮನೆಯವನು. ರಹೀಮರ ಕಣ್ಣಿಗೆ ಬಿದ್ದರೂ ದಿನಾ ಹೈದರಾಬಾದಿಗೆ ಹೋಗಿಬರಲು ಕೈಯಲ್ಲಿ ಕಾಸಿಲ್ಲ. ಬಾಡಿಗೆ ಸೈಕಲ್ಲಿಗೆ ರಹೀಮರೇ ಹಣ ಕೊಟ್ಟು ಕರೆಸಿಕೊಂಡರು. ಆ ಹುಡುಗ ಮುಂದೆ ಭಾರತದ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದನು. ಗುಂಡ್ಲುಪೇಟೆಯ ಬಸ್ಸಿನ ಚಾರ್ಜಿಗಾಗಿ ಅಪ್ಪನ ಮುಖ ನೋಡಿ ನಿಂತ ದಿನಗಳು ನನ್ನಂಥ ಅನೇಕರಿಗೆ ನೆನಪಿರುವುದರಿಂದ, ಪದಕಗಳಿಗಿಂತ ಈ ಸೈಕಲ್ಲಿನ ಬಾಡಿಗೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇಷ್ಟಾಗಿ, ತಮ್ಮ ಸ್ವಂತ ಮಗನ ವಿಷಯದಲ್ಲಿ ಅವರ ಕೈ ಬಿಗಿ. ಮಗ ಸಯ್ಯದ್ ಶಾಹಿದ್ ಹಕೀಮರು ಒಳ್ಳೆಯ ಆಟಗಾರರು. 1960ರ ರೋಮ್ ಒಲಿಂಪಿಕ್ಸ್‌ನ ತಂಡದಲ್ಲಿಯೂ ಇದ್ದರು. ಅಲ್ಲಿ ಭಾರತ ಫ್ರಾನ್ಸಿನಂಥ ತಂಡದೊಡನೆ 1-1ರ ಸಮ ಮಾಡಿಕೊಂಡಿತು. ಆದರೆ ಹಕೀಮರು ಒಂದು ಪಂದ್ಯದಲ್ಲಿಯೂ ಅಂಗಳಕ್ಕಿಳಿಯಲಿಲ್ಲ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ರಹೀಮರ ಶ್ವಾಸಕೋಶಕ್ಕೆ ಕ್ಯಾನ್ಸರ್ ತಗಲಿತ್ತು. ಆಟಗಾರರಿಗೆ ಅಷ್ಟು ಶಿಸ್ತು ಕಲಿಸಿದವರು ತಮ್ಮ ಸಿಗರೇಟಿನ ಚಟವನ್ನು ಮಾತ್ರ ಗೆಲ್ಲಲಾರದೆ ಹೋದರು. ಕೆಮ್ಮುತ್ತಲೇ ತಂಡದೊಡನೆ ಹೋದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ರಿಂದ ಸೋಲಿಸಿತು. ಥೈಲೆಂಡಿನ ಮೇಲೆ ಗೆದ್ದರೂ ರಕ್ಷಣೆಯ ಕಂಬದಂತಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿದ್ದಿತು. ಜಪಾನಿನ ಮೇಲೆ ಗೆದ್ದು ಉಪಾಂತ್ಯ ಪಂದ್ಯಕ್ಕೆ ಬಂದಾಗ ರಹೀಮರು ಯಾರೂ ಊಹಿಸದ ಕೆಲಸ ಮಾಡಿದರು. ಗಾಯಗೊಂಡ ಜರ್ನೈಲರನ್ನು ಹಿಂದೆ ನಿಲ್ಲಿಸುವ ಬದಲು ಗೋಲು ಹೊಡೆಯುವ ಮುಂಚೂಣಿಗೆ ಕಳುಹಿಸಿದರು. ತಲೆಗೆ ಪಟ್ಟಿ ಕಟ್ಟಿಕೊಂಡೇ ಅವರು ದಕ್ಷಿಣ ವಿಯಟ್ನಾಮಿನ ಮೇಲೆ ಗೋಲು ಹೊಡೆದರು. ಭಾರತ 3-2ರಿಂದ ಗೆದ್ದಿತು.

ಅಂತಿಮ ಪಂದ್ಯ ಸೆಪ್ಟೆಂಬರ್ 4ರಂದು, ಮತ್ತೆ ಕೊರಿಯದೊಡನೆ. ಇಸ್ರೇಲ್ ಮತ್ತು ತೈವಾನಿನ ಆಟಗಾರರಿಗೆ ಇಂಡೋನೇಷ್ಯ ಪ್ರವೇಶ ಕೊಡದುದನ್ನು ಭಾರತದ ಗುರುದತ್ತ ಸೋಂಧಿಯವರು ಖಂಡಿಸಿದ್ದರಿಂದ ಊರೆಲ್ಲ ನಮ್ಮವರ ಮೇಲೆ ಸಿಟ್ಟಾಗಿತ್ತು. ಭಾರತದ ರಾಯಭಾರ ಕಚೇರಿಯ ಮೇಲೆಯೂ ಗುಂಪು ನುಗ್ಗಿತ್ತು. ಹಿಂದಿನ ರಾತ್ರಿ ರಹೀಮರು ಹುಡುಗರನ್ನು ಕರೆದು ತಮಗೊಂದು ಉಡುಗೊರೆ ಬೇಕೆಂದೂ, ಅದು ನಾಳೆಯ ಚಿನ್ನವೆಂದೂ ಕೇಳಿದರೆಂದು ಆಟಗಾರರು ಮುಂದೆ ನೆನೆದುಕೊಂಡಿದ್ದಾರೆ. ಮರುದಿನ ಜ್ವರದಿಂದ ಆಗತಾನೆ ಎದ್ದಿದ್ದ ಎತ್ತರದ ಪೀಟರ್ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಿದರು. ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಲಕ್ಷ ಜನ ಕೂಗಿ ಹಂಗಿಸುತ್ತಿದ್ದರು. ಮೊದಲ 20 ನಿಮಿಷಗಳಲ್ಲಿಯೇ ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಕೊರಿಯ ಕೊನೆಗೆ ಒಂದನ್ನು ತೀರಿಸಿತು, ಅಷ್ಟೆ. ನಾಯಕ ಚುನಿ ಗೋಸ್ವಾಮಿಯವರ ತಂಡ 2-1ರಿಂದ ಗೆದ್ದಿತು.

ಒಂಬತ್ತು ತಿಂಗಳು ಕಳೆದು, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು. ವಯಸ್ಸು 53. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ನಮ್ಮ ಗಂಡಸರ ತಂಡಕ್ಕೆ ಆಮೇಲೆ ದೊರೆತ ಪದಕ 1970ರ ಬ್ಯಾಂಕಾಕಿನ ಕಂಚು ಮಾತ್ರ. 2024ರಲ್ಲಿ ಅವರನ್ನು ಕುರಿತು ಹಿಂದಿಯಲ್ಲಿ ಒಂದು ಚಲನಚಿತ್ರ ಬಂದ ಮೇಲೆಯೇ ನಮ್ಮಲ್ಲಿ ಬಹುಮಂದಿ ಆ ಹೆಸರನ್ನು ಕೇಳಿದ್ದು.

ರೋಮಿನಲ್ಲಿ ಹೊರಗೇ ಕುಳಿತಿದ್ದ ಮಗ ಹಕೀಮರು ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ತೀರ್ಪುಗಾರರಾಗಿ, ತಂದೆಯಂತೆಯೇ ತಂಡಗಳಿಗೆ ಆಟ ಕಲಿಸಿ, 2021ರ ಆಗಸ್ಟಿನಲ್ಲಿ ನಮ್ಮ ಕಲಬುರಗಿಯಲ್ಲಿ ಕಣ್ಣು ಮುಚ್ಚಿದರು.