ಕಿಟೆಲ್ ನಿಘಂಟಿನೊಳಗೆ ನಮ್ಮ ಮನೆಯ ಮಾತು

ನಮ್ಮ ಮನೆ ಕಲಬುರಗಿಯ ರೋಜಾದಲ್ಲಿ, ಬಂದೇನವಾಜ್ ದರ್ಗಾದ ಹತ್ತಿರ. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಎಂ.ಎ. ಇಂಗ್ಲಿಷ್ ಓದುವಾಗ ಮಿಲ್ಟನ್ ಪಾಠಕ್ಕೆ ಮೊದಲು ಬೈಬಲ್ ತಿಳಿದುಕೊಳ್ಳಿ ಅಂದರು. ಆದಂ-ಹವ್ವಾ ಕಥೆ ನನಗೆ ದಾದಿಯಿಂದಲೇ ಗೊತ್ತಿತ್ತು. ಅದೇ ಕಥೆ 1667ರಲ್ಲಿ ಸಾವಿರಾರು ಸಾಲುಗಳ 'ಪ್ಯಾರಡೈಸ್ ಲಾಸ್ಟ್' ಆಗಿತ್ತು. ಅದಕ್ಕೂ ಮುಂಚೆ, ಬೈಬಲನ್ನು ಜನರಾಡುವ ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್‌ನನ್ನು 1536ರಲ್ಲಿ ಧರ್ಮದ್ರೋಹಿ ಎಂದು ಕೊಂದು ಸುಟ್ಟಿದ್ದರು. 1611ರ ಬೈಬಲಿನಲ್ಲಿ ಅವನ ಮಾತುಗಳೇ ಬೇಕಾದಷ್ಟಿವೆ. ಇಂಗ್ಲಿಷ್ ಸಾಹಿತ್ಯದ ಅರ್ಧ ಬೇರು ಅಲ್ಲೇ ಇದೆ ಅನ್ನಬಹುದು.

ಹಂಗಾದರೆ ಕನ್ನಡಕ್ಕೆ ಬಂದ ಬೈಬಲ್ ಏನು ಮಾಡಿತು? ನಮ್ಮದೇ ಭಾಗದ ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಆದರೆ ಅದು ಬಂದದ್ದು ತುಂಬಿದ ಮನೆಗೆ. ಪಂಪ, ವಚನಕಾರರು, ಕುಮಾರವ್ಯಾಸ ಆಗಲೇ ಇಲ್ಲಿದ್ದರು. ಕನ್ನಡದ ಮಿಲ್ಟನ್ ಯಾರೂ ಅದರಿಂದ ಹುಟ್ಟಲಿಲ್ಲ. ಹುಟ್ಟಿದ್ದು ಬೇರೆ ಏನೋ. ಅದರ ಹಿಂದಿದ್ದವರು ಫರ್ಡಿನಾಂಡ್ ಕಿಟೆಲ್.

1832ರಲ್ಲಿ ಉತ್ತರ ಜರ್ಮನಿಯ ಕಡಲತೀರದ ಹಳ್ಳಿಯೊಂದರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಕಿಟೆಲ್, ಬಾಸೆಲ್ ಮಿಷನ್ ಸೇರಿ 1853ರಲ್ಲಿ ಇಲ್ಲಿಗೆ ಬಂದರು. ಬಂದದ್ದು ಮತಪ್ರಚಾರಕ್ಕೇ, ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಯೆಹೂದ್ಯರ ನಡುವೆ ಯೆಹೂದ್ಯನಂತಿದ್ದೆ ಎಂದು ಪೌಲ ಬರೆದದ್ದನ್ನು ಅವರು ಅಕ್ಷರಶಃ ತಗೊಂಡರು. ಇಲ್ಲಿನವರ ನಡುವೆ ಇಲ್ಲಿಯವನಾಗಬೇಕು ಎಂದು ಹೊರಟರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಅಡ್ಡಾಡಿ ಜನರ ಮಾತು ಕಲಿತರು. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಬದುಕನ್ನು ನಮ್ಮ ಹಾಡಿನ ಧಾಟಿಯಲ್ಲಿ ಹೇಳಿದರು.

ಮತಪ್ರಚಾರಕರಾಗಿ ಅವರು ಸೋತರೆಂದೇ ಹೇಳಬೇಕು. ಓದು-ಬರಹದಲ್ಲೇ ಮುಳುಗಿದ ಈ ಮನುಷ್ಯನ ಬಗ್ಗೆ ಜೊತೆಯ ಮಿಷನರಿಗಳಿಗೂ ಸಮಾಧಾನ ಇರಲಿಲ್ಲ. ಆದರೆ ಭಾಷೆ ಬಲ್ಲ ಆಳು ಮಿಷನ್‌ಗೆ ಬೇಕಿತ್ತಲ್ಲ. ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಅಚ್ಚಾದವು. ಬೈಬಲ್ ಅರ್ಥಮಾಡಿಸಲು ಬಂದವರು ಕನ್ನಡ ಕವಿಗಳ ವ್ಯಾಕರಣ, ಛಂದಸ್ಸಿಗೆ ಕಣ್ಣು ಸವೆಸಿದರು. ನಡುವೆ ಜರ್ಮನಿಗೆ ಹೋದರು, ನಿಘಂಟಿನ ಕೆಲಸಕ್ಕೆಂದು ಮತ್ತೆ ಬಂದರು. 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು: ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಮತಾಂತರಕ್ಕೆ ಬಂದವನಿಗೆ ಯಾಕೆ ಪ್ರತಿಮೆ ಅಂತ ಒಬ್ಬರು, ಕನ್ನಡದ ಋಷಿ ಅಂತ ಇನ್ನೊಬ್ಬರು ಫೇಸ್‌ಬುಕ್‌ನಲ್ಲಿ ಜಗಳ ಆಡ್ತಾರೆ. ನನಗೆ ಎರಡೂ ಅರ್ಧ ಮಾತು ಅನ್ನಿಸುತ್ತದೆ. ಆ ಉದ್ದೇಶ ಇಲ್ಲದಿದ್ದರೆ ಅವರು ಇಲ್ಲಿಗೆ ಬರುತ್ತಲೇ ಇರಲಿಲ್ಲ, ಬರೀ ಅದಷ್ಟೇ ಇದ್ದಿದ್ದರೆ ನಿಘಂಟಿಗೆ ಇಷ್ಟು ವರ್ಷ ಸುರಿಯುತ್ತಲೂ ಇರಲಿಲ್ಲ.

ಒಮ್ಮೆ ಬಸ್ಸಿನಲ್ಲಿ ಪಕ್ಕದವರು, ನನ್ನ ಹೆಸರು ಕೇಳಿದ ಮೇಲೆ, ನಿಮ್ಮ ಕನ್ನಡ ಭಾಳ ಚಲೋ ಅದ ಅಂತ ಹೊಗಳಿದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಆದರೂ ದಾರಿಯುದ್ದಕ್ಕೂ ಚುಚ್ಚಿತು. ಅದೇ ವಾರ ಲೈಬ್ರರಿಯಲ್ಲಿ ಕಿಟೆಲ್ ನಿಘಂಟು ತೆಗೆದೆ. ಪದದ ಮೂಲ ಹೇಳಲು ಅವರು ಗುರುತು ಹಾಕುತ್ತಾರೆ: ತಮಿಳು, ತೆಲುಗು, ತುಳು, ಮರಾಠಿ. ಹಿಂದೂಸ್ತಾನಿಗೆ ಎಚ್ ಅಕ್ಷರ. ಪುಟ ತಿರುವಿದಂತೆ ಆ ಎಚ್ ಮತ್ತೆ ಮತ್ತೆ ಸಿಕ್ಕಿತು. ಹೊಲದ ಲೆಕ್ಕ, ಕಚೇರಿ, ಬಟ್ಟೆಬರೆ, ನಮ್ಮ ಮನೆಯಲ್ಲಿ ದಿನಾ ಆಡುವ ಮಾತು. ಪರಭಾಷೆಯವು ಅಂತ ಕೊನೆಗೆ ಬೇರೆ ಪಟ್ಟಿ ಮಾಡಿ ಹಾಕಿಲ್ಲ. ಅಕಾರಾದಿಯಲ್ಲಿ, ಅಚ್ಚಗನ್ನಡ ಪದಗಳ ಮಗ್ಗುಲಲ್ಲೇ ಕೂತಿವೆ.