ಸ್ವತಂತ್ರ ಕಾವಲುಗಾರ: ಗಯೆತಾನೊ ಶಿರೇಯಾ

ಸ್ವತಂತ್ರನೆಂದರೆ ಯಾರು ಎಂಬ ಪ್ರಶ್ನೆ ತತ್ತ್ವಶಾಸ್ತ್ರದಷ್ಟೇ ಪುರಾತನವಾದುದು. ಯಾವ ಕಟ್ಟುಪಾಡೂ ಇಲ್ಲದವನೇ ಸ್ವತಂತ್ರನೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ಯಾರ ಬಲವಂತವೂ ಇಲ್ಲದೆ ಇತರರ ಭಾರವನ್ನು ತನ್ನದಾಗಿಸಿಕೊಳ್ಳಬಲ್ಲವನೇ ನಿಜವಾದ ಸ್ವತಂತ್ರನೆಂದು ಬಲ್ಲವರು ತಿಳಿದಿದ್ದಾರೆ. ಈ ಮಾತಿಗೆ ನಿದರ್ಶನವನ್ನು ಗ್ರಂಥಗಳಲ್ಲಿಯೇ ಹುಡುಕಬೇಕೆಂದಿಲ್ಲ. ಫುಟ್‌ಬಾಲ್ ಮೈದಾನದಲ್ಲಿಯೂ ಅದು ದೊರೆಯುತ್ತದೆ. ಇಟಲಿಯ ಫುಟ್‌ಬಾಲ್ ಆಟಗಾರ ಗಯೆತಾನೊ ಶಿರೇಯಾ ಅವರ ಅಲ್ಪಾಯುಷ್ಯದ ಬದುಕು ಅಂತಹ ಒಂದು ನಿದರ್ಶನ.

ಶಿರೇಯಾ ಅವರು ಜನಿಸಿದ್ದು 1953ರ ಮೇ 25ರಂದು, ಮಿಲಾನ್ ನಗರದ ಸಮೀಪದ ಚೆರ್ನುಸ್ಕೊ ಸುಲ್ ನವೀಲ್ಯೊ ಎಂಬ ಪಟ್ಟಣದಲ್ಲಿ. ಅದು ಎರಡನೆಯ ಮಹಾಯುದ್ಧದ ಗಾಯಗಳಿಂದ ಇಟಲಿ ಚೇತರಿಸಿಕೊಳ್ಳುತ್ತಿದ್ದ ಕಾಲ. ಕೆಲಸವನ್ನರಸಿ ದಕ್ಷಿಣದ ಬಡಜನರು ಉತ್ತರದ ಕೈಗಾರಿಕಾ ನಗರಗಳತ್ತ ಗುಳೆ ಹೊರಟಿದ್ದರು. ಶಿರೇಯಾ ಅವರದೂ ಕಾರ್ಮಿಕ ಕುಟುಂಬವೇ. ಬಾಲಕ ಗಯೆತಾನೊ ಬೆಳೆದದ್ದು ಚಿನಿಸೆಲ್ಲೊ ಬಾಲ್ಸಮೊ ಎಂಬ ಕಾರ್ಮಿಕರ ಊರಿನಲ್ಲಿ. ಅಲ್ಲಿನ ಚಿಕ್ಕ ಸಂಘವೊಂದರಲ್ಲಿ ಆಟ ಕಲಿತ ಆತನನ್ನು ಬೆರ್ಗಾಮೊ ನಗರದ ಅಟಲಾಂಟಾ ಕ್ಲಬ್ ತನ್ನ ಕಿರಿಯರ ತಂಡಕ್ಕೆ ಸೇರಿಸಿಕೊಂಡಿತು. ಮೊದಲು ಮುಂದಿನ ಸಾಲುಗಳಲ್ಲಿ ಆಡುತ್ತಿದ್ದ ಹುಡುಗ ಕ್ರಮೇಣ ರಕ್ಷಣಾ ಸಾಲಿಗೆ ಬಂದು ನೆಲೆಸಿದನು. 1972ರ ಸೆಪ್ಟೆಂಬರ್‌ನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಲ್ಯಾರಿ ತಂಡದ ವಿರುದ್ಧ ಇಟಲಿಯ ಪ್ರಥಮ ದರ್ಜೆಯ ಲೀಗ್‌ನಲ್ಲಿ ತನ್ನ ಮೊದಲ ಪಂದ್ಯವನ್ನಾಡಿದನು.

ಎರಡು ವರ್ಷಗಳ ಅನಂತರ, 1974ರಲ್ಲಿ, ಟ್ಯೂರಿನ್ ನಗರದ ಪ್ರಸಿದ್ಧ ಯುವೆಂಟಸ್ ಕ್ಲಬ್‌ನಿಂದ ಕರೆ ಬಂದಿತು. ಅಲ್ಲಿ ಬಹುಕಾಲ ರಕ್ಷಣೆಯ ಹೊಣೆ ಹೊತ್ತಿದ್ದ ಸಾಂದ್ರೊ ಸಾಲ್ವದೋರೆ ನಿವೃತ್ತರಾಗಿದ್ದರು. ತೆರವಾದ ಆ ಸ್ಥಾನಕ್ಕೆ ಇಪ್ಪತ್ತೊಂದರ ತರುಣ ಶಿರೇಯಾ ಬಂದರು. ಆ ಸ್ಥಾನದ ಹೆಸರು ಲಿಬೆರೊ.

ಈ ಪದವನ್ನು ತುಸು ವಿವರಿಸುವುದು ಅಗತ್ಯ. ಆ ಕಾಲದ ಇಟಲಿಯ ತಂಡಗಳು ಅನುಸರಿಸುತ್ತಿದ್ದ ರಕ್ಷಣಾ ಪದ್ಧತಿಗೆ ಕತೆನಾಚ್ಚೊ ಎಂದು ಹೆಸರು. ಬಾಗಿಲಿನ ಅಗುಳಿ ಎಂಬುದು ಅದರ ಅರ್ಥ. ಅದರಲ್ಲಿ ಪ್ರತಿಯೊಬ್ಬ ರಕ್ಷಣಾ ಆಟಗಾರನಿಗೂ ಒಬ್ಬೊಬ್ಬ ಎದುರಾಳಿಯನ್ನು ಒಪ್ಪಿಸಲಾಗುತ್ತಿತ್ತು. ಆತ ಹೋದಲ್ಲೆಲ್ಲ ನೆರಳಿನಂತೆ ಬೆಂಬತ್ತುವುದೇ ಇವನ ಕೆಲಸ. ಈ ಸಾಲಿನ ಹಿಂದೆ, ಗೋಲ್‌ಕೀಪರನ ಮುಂದೆ ಇನ್ನೊಬ್ಬನಿರುತ್ತಿದ್ದನು. ಅವನಿಗೆ ಯಾವ ಎದುರಾಳಿಯೂ ನಿಗದಿಯಾಗಿರುತ್ತಿರಲಿಲ್ಲ. ಆದ್ದರಿಂದ ಅವನನ್ನು ಲಿಬೆರೊ, ಎಂದರೆ ಸ್ವತಂತ್ರನಾದವನು, ಎಂದು ಕರೆದರು. ಆದರೆ ಆ ಸ್ವಾತಂತ್ರ್ಯದ ಸ್ವರೂಪವೇ ವಿಶಿಷ್ಟವಾದುದು. ತನ್ನದೆಂಬ ಒಂದು ಹೊಣೆ ಇಲ್ಲದ ಕಾರಣದಿಂದಲೇ ಎಲ್ಲರ ಹೊಣೆಯೂ ಅವನದಾಗುತ್ತಿತ್ತು. ಯಾರು ಎಡವಿದರೂ ಆ ತಪ್ಪನ್ನು ತುಂಬಿಕೊಡಬೇಕಾದವನು ಅವನು. ಅವನೂ ತಪ್ಪಿದರೆ ಹಿಂದೆ ಗೋಲ್‌ಕೀಪರನ ಹೊರತು ಬೇರಾರೂ ಇಲ್ಲ.

ಈ ಸ್ಥಾನದಲ್ಲಿ ಆಡಿದವರಲ್ಲಿ ಅನೇಕರು ಒರಟುತನವನ್ನೇ ತಮ್ಮ ಆಯುಧವನ್ನಾಗಿ ಮಾಡಿಕೊಂಡಿದ್ದರು. ಚೆಂಡು ಸಿಗದಿದ್ದರೆ ಎದುರಾಳಿಯ ಕಾಲಾದರೂ ಸಿಗಲಿ ಎಂಬುದು ಅಂಥವರ ನೀತಿ. ಶಿರೇಯಾ ಅವರ ಮಾರ್ಗ ಬೇರೆಯಾಗಿತ್ತು. ಎದುರಾಳಿಯ ಚಲನೆಯನ್ನು ಮುಂಚಿತವಾಗಿಯೇ ಗ್ರಹಿಸಿ, ಚೆಂಡು ಬರುವ ಮೊದಲೇ ಅದು ಬರಬೇಕಾದ ಜಾಗದಲ್ಲಿ ನಿಂತಿರುತ್ತಿದ್ದರು. ಚೆಂಡು ದೊರೆತೊಡನೆ ಅದನ್ನು ದಿಕ್ಕುಗೆಟ್ಟವರಂತೆ ದೂರಕ್ಕೆ ಒದೆಯದೆ, ತಲೆಯೆತ್ತಿ ನೋಡಿ, ತಮ್ಮವರಿಗೆ ನಯವಾಗಿ ಒಪ್ಪಿಸುತ್ತಿದ್ದರು. ಕೆಲವೊಮ್ಮೆ ತಾವೇ ಮುನ್ನಡೆದು ದಾಳಿಯಲ್ಲಿ ಭಾಗಿಯಾಗುತ್ತಿದ್ದರು. ಮುಂಗಾಣ್ಕೆಯುಳ್ಳವನಿಗೆ ಹಿಂಸೆಯ ಅಗತ್ಯ ಬೀಳುವುದಿಲ್ಲ. ತಡವಾಗಿ ಬಂದವನು ಮಾತ್ರ ಕಾಲೆಳೆಯಬೇಕಾಗುತ್ತದೆ. ಹದಿನಾರು ವರ್ಷಗಳ ಕಾಲ ಇಟಲಿಯ ಲೀಗ್‌ಗಳಲ್ಲಿ ರಕ್ಷಣಾ ಆಟಗಾರನಾಗಿದ್ದರೂ ಶಿರೇಯಾ ಒಮ್ಮೆಯೂ ಕೆಂಪು ಕಾರ್ಡ್ ಕಂಡು ಮೈದಾನದಿಂದ ಹೊರನಡೆಯಲಿಲ್ಲವೆಂಬುದು ಫುಟ್‌ಬಾಲ್ ಬಲ್ಲವರಿಗೆ ಅಚ್ಚರಿ ತರುವ ಸಂಗತಿ.

ಸೌಮ್ಯತೆ ಇದ್ದಲ್ಲಿ ಸಾಧನೆ ಇರದು ಎಂದು ವಾದಿಸುವವರಿದ್ದಾರೆ. ಅಂಥವರು ಈ ಆಟಗಾರನ ದಾಖಲೆಯನ್ನು ಗಮನಿಸಬೇಕು. ಯುವೆಂಟಸ್ ಪರವಾಗಿ 14 ವರ್ಷಗಳಲ್ಲಿ 552 ಪಂದ್ಯಗಳು. 2008ರಲ್ಲಿ ಅಲೆಸ್ಸಾಂದ್ರೊ ದೆಲ್ ಪಿಯೆರೊ ಮೀರುವವರೆಗೆ ಆ ಕ್ಲಬ್‌ನ ಮಟ್ಟಿಗೆ ಅದೇ ದಾಖಲೆಯಾಗಿತ್ತು. ಏಳು ಬಾರಿ ಇಟಲಿಯ ಲೀಗ್ ಪ್ರಶಸ್ತಿ, ಎರಡು ಬಾರಿ ಇಟಲಿಯ ಕಪ್. ಯುರೋಪಿನ ಮಟ್ಟದಲ್ಲಿ 1977ರಲ್ಲಿ ಯುಇಎಫ್‌ಎ ಕಪ್, 1984ರಲ್ಲಿ ಕಪ್ ವಿಜೇತರ ಕಪ್, 1985ರಲ್ಲಿ ಯುರೋಪಿಯನ್ ಕಪ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಟೋಕಿಯೊ ನಗರದಲ್ಲಿ ಖಂಡಾಂತರ ಕಪ್. ಕ್ಲಬ್ ಆಟಗಾರನೊಬ್ಬನು ಗೆಲ್ಲಬಹುದಾದ ಪ್ರಮುಖ ಪ್ರಶಸ್ತಿಗಳೆಲ್ಲವೂ ಅವರ ಪಾಲಿಗೆ ಬಂದವು. ಈ ಯಶಸ್ಸಿನ ಬಹುಭಾಗವನ್ನು ಅವರು ಕಂಡದ್ದು ತರಬೇತುದಾರ ಜೊವಾನ್ನಿ ತ್ರಪತ್ತೋನಿ ಅವರ ಮಾರ್ಗದರ್ಶನದಲ್ಲಿ.

ರಾಷ್ಟ್ರೀಯ ತಂಡಕ್ಕೆ ಶಿರೇಯಾ ಮೊದಲು ಆಡಿದ್ದು 1975ರ ಡಿಸೆಂಬರ್‌ನಲ್ಲಿ, ಗ್ರೀಸ್ ವಿರುದ್ಧ. ಮುಂದೆ 78 ಪಂದ್ಯಗಳಲ್ಲಿ ಇಟಲಿಯನ್ನು ಪ್ರತಿನಿಧಿಸಿದರು. ಅವುಗಳಲ್ಲಿ ಶಿಖರಪ್ರಾಯವಾದುದು 1982ರ ವಿಶ್ವಕಪ್. ಸ್ಪೇನ್‌ಗೆ ತೆರಳಿದ ಇಟಲಿಯ ತಂಡ ಮೊದಲ ಸುತ್ತಿನ ಮೂರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಸ್ವದೇಶದ ಪತ್ರಿಕೆಗಳು ತೀವ್ರವಾಗಿ ಟೀಕಿಸಿದವು. ಆಟಗಾರರು ಪತ್ರಕರ್ತರೊಡನೆ ಮಾತನಾಡುವುದನ್ನೇ ನಿಲ್ಲಿಸಿಬಿಟ್ಟರು. ಆ ಕೋಲಾಹಲದ ನಡುವೆಯೂ ತಂಡದ ಬಿಡಾರದಲ್ಲಿ ಒಂದು ಕೋಣೆ ಮಾತ್ರ ಪ್ರಶಾಂತವಾಗಿತ್ತು. ಅದರಲ್ಲಿ ತಂಗಿದ್ದವರು ನಲವತ್ತು ವರ್ಷದ ನಾಯಕ, ಗೋಲ್‌ಕೀಪರ್ ದೀನೊ ಝೋಫ್ ಮತ್ತು ಶಿರೇಯಾ. ಇಬ್ಬರೂ ಮಿತಭಾಷಿಗಳು. ಯುದ್ಧಗಳಿಂದ ದೂರವುಳಿದ ದೇಶದ ನೆನಪಿಗಾಗಿ ಸಂಗಾತಿಗಳು ಆ ಕೋಣೆಗೆ ಸ್ವಿಟ್ಜರ್ಲೆಂಡ್ ಎಂದು ಹೆಸರಿಟ್ಟಿದ್ದರಂತೆ.

ಎರಡನೆಯ ಸುತ್ತಿನಲ್ಲಿ ಇಟಲಿ ಅರ್ಜೆಂಟೀನಾವನ್ನು 2-1ರಿಂದಲೂ ಬ್ರೆಜಿಲ್ ತಂಡವನ್ನು 3-2ರಿಂದಲೂ ಸೋಲಿಸಿತು. ಸೆಮಿಫೈನಲ್‌ನಲ್ಲಿ ಪೋಲೆಂಡ್ ತಲೆಬಾಗಿತು. ಜುಲೈ 11ರಂದು ಮ್ಯಾಡ್ರಿಡ್ ನಗರದಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ನಡೆದ ಫೈನಲ್‌ನಲ್ಲಿ ಇಟಲಿ 3-1ರಿಂದ ವಿಶ್ವವಿಜೇತವಾಯಿತು. ಎರಡನೆಯ ಗೋಲು ಹೊಡೆದ ಮಾರ್ಕೊ ತರ್ದೆಲ್ಲಿ ಕೂಗುತ್ತ, ಕೈ ಬೀಸುತ್ತ, ಉನ್ಮತ್ತರಾಗಿ ಓಡಿದ ದೃಶ್ಯವನ್ನು ಜಗತ್ತು ಇಂದಿಗೂ ಸ್ಮರಿಸುತ್ತದೆ. ಆದರೆ ಅದಕ್ಕೆ ಮುಂಚಿನ ಕ್ಷಣಗಳನ್ನು ಗಮನಿಸುವವರು ಕಡಿಮೆ. ಎದುರಾಳಿಗಳ ಪೆನಾಲ್ಟಿ ಆವರಣದೊಳಗೆ ಸಮಾಧಾನದಿಂದ ಚೆಂಡನ್ನು ಹದಿನೆಂಟರ ತರುಣ ಬೆರ್ಗೊಮಿಗೆ ಕೊಟ್ಟು, ಮರಳಿ ಪಡೆದು, ತರ್ದೆಲ್ಲಿ ಅವರ ಕಾಲಿಗೆ ಒಪ್ಪಿಸಿದವರು ರಕ್ಷಣಾ ಆಟಗಾರ ಶಿರೇಯಾ. ವಿಶ್ವಕಪ್ ಫೈನಲ್‌ನಲ್ಲಿ ಹಿಂದಿನ ಸಾಲನ್ನು ಬಿಟ್ಟು ಅಷ್ಟು ದೂರ ಬರುವ ಧೈರ್ಯ ಅವರಿಗಿತ್ತು. ಅಲ್ಲಿಗೆ ಬಂದ ಮೇಲೂ ಗೋಲಿನ ಕೀರ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ವಿವೇಕವೂ ಇತ್ತು.

1984ರಲ್ಲಿ ಯುವೆಂಟಸ್ ತಂಡದ ನಾಯಕತ್ವ ಅವರಿಗೆ ಲಭಿಸಿತು. ಮರುವರ್ಷವೇ ಅದು ಕಠಿಣ ಪರೀಕ್ಷೆಯಾಗಿ ಪರಿಣಮಿಸಿತು. 1985ರ ಮೇ 29ರಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ವಿರುದ್ಧ ಯುರೋಪಿಯನ್ ಕಪ್ ಫೈನಲ್ ನಡೆಯಬೇಕಾಗಿತ್ತು. ಶಿಥಿಲವಾಗಿದ್ದ ಆ ಕ್ರೀಡಾಂಗಣದ ಒಂದು ಭಾಗದಲ್ಲಿ, ಆಟ ಆರಂಭವಾಗುವ ಮೊದಲೇ, ಲಿವರ್‌ಪೂಲ್ ಬೆಂಬಲಿಗರ ಗುಂಪು ಪಕ್ಕದಲ್ಲಿದ್ದವರ ಮೇಲೆ ನುಗ್ಗಿತು. ಭೀತರಾದ ಜನ ಹಿಂದೆ ಸರಿಯುತ್ತ ಗೋಡೆಯ ಬಳಿ ಒತ್ತೊತ್ತಾಗಿ ಸಿಲುಕಿದರು, ಗೋಡೆ ಕುಸಿಯಿತು. 39 ಮಂದಿ ಅಸುನೀಗಿದರು. ಅವರಲ್ಲಿ 32 ಮಂದಿ ಇಟಲಿಯವರು. ನೂರಾರು ಜನ ಗಾಯಗೊಂಡರು.

ಪಂದ್ಯವನ್ನು ರದ್ದುಗೊಳಿಸಿದರೆ ಉದ್ರಿಕ್ತ ಜನಸಮೂಹ ಬೀದಿಗಿಳಿದು ಮತ್ತಷ್ಟು ರಕ್ತಪಾತವಾದೀತೆಂದು ಅಧಿಕಾರಿಗಳು ಅಂಜಿದರು. ಆಟ ನಡೆಯಲೇಬೇಕೆಂದು ನಿರ್ಧರಿಸಿದರು. ಅದನ್ನು ಜನರಿಗೆ ತಿಳಿಸುವ ಕೆಲಸ ಎರಡೂ ತಂಡಗಳ ನಾಯಕರ ಪಾಲಿಗೆ ಬಂದಿತು. ಲಿವರ್‌ಪೂಲ್ ತಂಡದ ಫಿಲ್ ನೀಲ್ ಇಂಗ್ಲಿಷಿನಲ್ಲಿಯೂ ಶಿರೇಯಾ ಇಟಾಲಿಯನ್ ಭಾಷೆಯಲ್ಲಿಯೂ ಧ್ವನಿವರ್ಧಕದ ಮುಂದೆ ನಿಂತು ಮಾತನಾಡಿದರು. ಪೊಲೀಸರು ವ್ಯವಸ್ಥೆ ಮಾಡಿಕೊಳ್ಳಲು ಅನುವಾಗುವಂತೆ ಪಂದ್ಯ ನಡೆಯುವುದೆಂದೂ, ಕೆರಳಿಸುವವರಿಗೆ ಪ್ರತಿಕ್ರಿಯೆ ತೋರಬಾರದೆಂದೂ, ಎಲ್ಲರೂ ಶಾಂತರಾಗಿರಬೇಕೆಂದೂ ಶಿರೇಯಾ ವಿನಂತಿಸಿಕೊಂಡರು. ಅನಂತರ ಆಟ ನಡೆಯಿತು. ಮಿಶೆಲ್ ಪ್ಲಾಟಿನಿ ಅವರ ಪೆನಾಲ್ಟಿ ಗೋಲಿನಿಂದ ಯುವೆಂಟಸ್ ಗೆದ್ದಿತು.

ಅಂದು ಆಡಿದ್ದು ಸರಿಯೇ? ಆ ಕಪ್ಪನ್ನು ಸ್ವೀಕರಿಸಿದ್ದು ಯೋಗ್ಯವೇ? ಮೃತರ ಬಂಧುಗಳೂ ಆಟಗಾರರೂ ಈ ಪ್ರಶ್ನೆಯ ಭಾರವನ್ನು ಬಹುಕಾಲ ಹೊತ್ತರು. ಸುಲಭವಾದ ಉತ್ತರ ಇದಕ್ಕಿಲ್ಲ. ಎರಡು ಕೆಡುಕುಗಳ ನಡುವೆ ಕಿರಿದನ್ನು ಆರಿಸಿಕೊಳ್ಳಬೇಕಾದ ಸಂದರ್ಭದಲ್ಲಿ ಕಿರಿದೆಂದು ಆರಿಸಿಕೊಂಡದ್ದೂ ಕೈಗೆ ಕಲೆಯನ್ನು ಅಂಟಿಸಿಯೇ ಹೋಗುತ್ತದೆ. ಆಡುವ ತೀರ್ಮಾನ ಶಿರೇಯಾ ಅವರದಾಗಿರಲಿಲ್ಲ. ಆದರೆ ಬೇರೆಯವರ ತೀರ್ಮಾನಕ್ಕೆ ತಮ್ಮ ಧ್ವನಿಯನ್ನು ಕೊಡಬೇಕಾಗಿ ಬಂದಾಗ ಅವರು ಹಿಂಜರಿಯಲಿಲ್ಲ. ಪಂದ್ಯದ ಫಲಿತಾಂಶಕ್ಕಿಂತ ಸಾವಿರಾರು ಜನರ ಪ್ರಾಣ ದೊಡ್ಡದಾಗಿದ್ದ ಆ ಗಳಿಗೆಯಲ್ಲಿ ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಪ್ರತೀಕಾರದ ಸುಳಿವೂ ಇರಲಿಲ್ಲ. ಇತರರ ತಪ್ಪನ್ನು ತುಂಬಿಕೊಡಲು ನಿಂತವನು ಲಿಬೆರೊ ಎಂದೆವು. ಅಂದು ಅವರ ಮುಂದಿದ್ದದ್ದು ಯಾವ ಆಟಗಾರನೂ ತುಂಬಿಕೊಡಲಾಗದ ತಪ್ಪು.

1986ರ ವಿಶ್ವಕಪ್‌ನಲ್ಲಿ ಅವರು ಇಟಲಿಯ ನಾಯಕರಾಗಿದ್ದರು. ಫ್ರಾನ್ಸ್ ವಿರುದ್ಧ ಸೋತು ತಂಡ ಹೊರಬಿದ್ದಿತು; ಅಲ್ಲಿಗೆ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು. 1988ರಲ್ಲಿ ಕ್ಲಬ್ ಆಟಕ್ಕೂ ವಿದಾಯ ಹೇಳಿದರು. ಅದೇ ವರ್ಷ ಹಳೆಯ ಸಂಗಾತಿ ಝೋಫ್ ಯುವೆಂಟಸ್‌ನ ಮುಖ್ಯ ತರಬೇತುದಾರರಾದಾಗ ಶಿರೇಯಾ ಅವರ ಸಹಾಯಕರಾದರು. ಹಿಂದೆ ಗೋಲಿನ ಮುಂದೆ ಜೊತೆಯಾಗಿ ನಿಂತಿದ್ದವರು ಈಗ ಮೈದಾನದಾಚೆಯ ಬೆಂಚಿನಲ್ಲಿ ಜೊತೆಯಾದರು. ಖ್ಯಾತಿಯ ಶಿಖರವೇರಿದ ಆಟಗಾರನಿಗೆ ಎರಡನೆಯ ಸ್ಥಾನದಲ್ಲಿ ಕುಳಿತು ದುಡಿಯುವುದು ಸುಲಭವಲ್ಲ. ಆದರೆ ತೆರೆಯ ಮರೆಯ ಕೆಲಸ ಶಿರೇಯಾ ಅವರಿಗೆ ಹೊಸದಾಗಿರಲಿಲ್ಲ.

ಸಹಾಯಕ ತರಬೇತುದಾರನ ಕರ್ತವ್ಯಗಳಲ್ಲಿ ಮುಂದಿನ ಎದುರಾಳಿಗಳ ಆಟವನ್ನು ಕಣ್ಣಾರೆ ಕಂಡು ವರದಿ ಮಾಡುವುದೂ ಒಂದು. 1989ರ ಯುಇಎಫ್‌ಎ ಕಪ್‌ನ ಮೊದಲ ಸುತ್ತಿನಲ್ಲಿ ಯುವೆಂಟಸ್‌ಗೆ ಎದುರಾದದ್ದು ಪೋಲೆಂಡ್ ದೇಶದ ಗೂರ್ನಿಕ್ ಝಾಬ್ಜೆ ತಂಡ. ಅದರ ಆಟವನ್ನು ನೋಡಲೆಂದು ಶಿರೇಯಾ ಸೆಪ್ಟೆಂಬರ್ ಆರಂಭದಲ್ಲಿ ಅಲ್ಲಿಗೆ ತೆರಳಿದರು. ಆಗ ಪೋಲೆಂಡ್ ರಾಜಕೀಯ ಪರಿವರ್ತನೆಯ ಹೊಸ್ತಿಲಲ್ಲಿತ್ತು. ದೇಶದಲ್ಲಿ ಇಂಧನದ ಅಭಾವವಿತ್ತು. ದಾರಿಯಲ್ಲಿ ಪೆಟ್ರೋಲ್ ದೊರೆಯದಿರಬಹುದೆಂದು ಕಾರಿನ ಹಿಂಭಾಗದಲ್ಲಿ ಕ್ಯಾನುಗಳಲ್ಲಿ ತುಂಬಿಟ್ಟುಕೊಂಡು ಪ್ರಯಾಣಿಸುವುದು ರೂಢಿಯಾಗಿತ್ತು. ಸೆಪ್ಟೆಂಬರ್ 3, ಭಾನುವಾರ, ವಾರ್ಸಾ ವಿಮಾನ ನಿಲ್ದಾಣದತ್ತ ಹೊರಟಿದ್ದ ಅವರ ಕಾರು ಬಾಬ್ಸ್ಕ್ ಎಂಬ ಊರಿನ ಬಳಿ ಸರಕುವಾಹನವೊಂದಕ್ಕೆ ಡಿಕ್ಕಿಯಾಯಿತು. ಕ್ಯಾನುಗಳಲ್ಲಿದ್ದ ಪೆಟ್ರೋಲ್‌ಗೆ ಬೆಂಕಿ ಹತ್ತಿಕೊಂಡಿತು. ಶಿರೇಯಾ, ಕಾರಿನ ಚಾಲಕ ಹಾಗೂ ದುಭಾಷಿ ಸಾವಿಗೀಡಾದರು. ಶಿರೇಯಾ ಅವರಿಗೆ ಆಗ 36 ವರ್ಷ. ಮನೆಯಲ್ಲಿ ಪತ್ನಿ ಮತ್ತು ಪುಟ್ಟ ಮಗನಿದ್ದರು.

ಆ ರಾತ್ರಿ ಇಟಲಿಯ ದೂರದರ್ಶನದ ಕ್ರೀಡಾ ಕಾರ್ಯಕ್ರಮದಲ್ಲಿ ಈ ಸುದ್ದಿ ಬಿತ್ತರವಾದಾಗ, ಅತಿಥಿಯಾಗಿ ಕುಳಿತಿದ್ದವರು ಅದೇ ತರ್ದೆಲ್ಲಿ. ಅವರು ಕಣ್ಣೀರು ತಡೆಯಲಾರದೆ ಎದ್ದು ಹೋದರು. ಯುವೆಂಟಸ್ ತಂಡ ಗೂರ್ನಿಕ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿತು. 1990ರಲ್ಲಿ ಆ ಕಪ್ಪನ್ನೂ ಗೆದ್ದಿತು. ಶಿರೇಯಾ ನೋಡಲು ಹೋಗಿದ್ದು ಆ ಹಾದಿಯ ಮೊದಲ ಮೆಟ್ಟಿಲನ್ನು.

ಟ್ಯೂರಿನ್‌ನಲ್ಲಿ ಯುವೆಂಟಸ್ ಕ್ರೀಡಾಂಗಣವಿರುವ ರಸ್ತೆಗೂ ಅದರ ದಕ್ಷಿಣ ಭಾಗದ ಪ್ರೇಕ್ಷಕರ ಆವರಣಕ್ಕೂ ಇಂದು ಶಿರೇಯಾ ಅವರ ಹೆಸರಿದೆ. ಕ್ಲಬ್‌ನ ಕಟ್ಟಾ ಬೆಂಬಲಿಗರು ಸೇರುವುದು ಆ ದಕ್ಷಿಣ ಭಾಗದಲ್ಲಿಯೇ. ಆ ಹೆಸರಿನ ಆವರಣದಿಂದ ಎದುರಾಳಿಗಳ ಮೇಲೆ ನಿಂದನೆಯ ಘೋಷಣೆಗಳು ಎದ್ದಾಗ, ತಮ್ಮ ಪತಿಯ ಹೆಸರನ್ನು ಅಲ್ಲಿಂದ ತೆಗೆದುಬಿಡಿರೆಂದು ಅವರ ಪತ್ನಿ ಬಹಿರಂಗವಾಗಿ ಕೇಳಿಕೊಂಡದ್ದುಂಟು. ಆಕೆಯ ನೋವು ಅರ್ಥವಾಗುವಂಥದು. ಮಹನೀಯರ ಹೆಸರನ್ನು ಬೀದಿಗೂ ಕಟ್ಟಡಕ್ಕೂ ಇಟ್ಟು ಕೈತೊಳೆದುಕೊಳ್ಳುವುದು ಸುಲಭ. ಅವರ ನಡತೆಯನ್ನು ರೂಢಿಸಿಕೊಳ್ಳುವುದು ಕಷ್ಟ. ಸದ್ಗುಣವು ಹುಟ್ಟಿನಿಂದ ಬರುವುದಿಲ್ಲ, ಮತ್ತೆ ಮತ್ತೆ ಮಾಡಿದ ಕಾರ್ಯಗಳಿಂದ ಮೈಗೂಡುತ್ತದೆ ಎಂದು ಅರಿಸ್ಟಾಟಲ್ ಬಹು ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಶಿರೇಯಾ ಅದನ್ನು ಚೆಂಡಿನೊಡನೆ ದಿನದಿನವೂ ಅಭ್ಯಸಿಸಿದರು. ತಡೆಯಬಲ್ಲ ಶಕ್ತಿಯಿದ್ದೂ ನೋಯಿಸದೆ ತಡೆದರು. ಮುಂದೆ ಹೋಗಬಲ್ಲ ಸಾಮರ್ಥ್ಯವಿದ್ದೂ ಹಿಂದೆ ನಿಂತು ಕಾದರು. ಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ, ಊರಿನಲ್ಲಾಗಲಿ, ಇನ್ನೊಬ್ಬರು ಎಡವಿದಾಗ ದೂರದೆ ಆ ಜಾಗವನ್ನು ತುಂಬುವವರು ಕೆಲವರಾದರೂ ಇರುತ್ತಾರೆ. ಅವರ ಹೆಸರು ಯಾವ ಬೀದಿಗೂ ಬರಲಾರದು. ಆದರೂ ಅವರ ಕಾವಲಿನಿಂದಲೇ ಉಳಿದವರು ನಿಶ್ಚಿಂತರಾಗಿ ತಮ್ಮ ಆಟವನ್ನು ಆಡುತ್ತಿರುತ್ತಾರೆ.